ರಜಿಸ್ಟರಿನಲ್ಲಿಲ್ಲದ ಹೆಸರು

ಪೇಢೆಯ ಡಬ್ಬಿ ಹಿಡಿದು ಬಂದವರನ್ನು ರಸೂಲಸಾಬ ನಂಬುತ್ತಿರಲಿಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಆಫೀಸು ಮಾಡಿಕೊಂಡು ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವನಿಗೆ, ಸಿಹಿ ತಂದವರು ಸುಳ್ಳು ಸಹಿ ಕೇಳಲಿಕ್ಕೇ ಬರುತ್ತಾರೆಂಬುದು ಗೊತ್ತಿತ್ತು. ಒಮ್ಮೆ ಅಂಥವನೊಬ್ಬನ ಮಾತಿಗೆ ಮರುಳಾಗಿ, ಕಲಿಸದೆಯೇ ಕಲಿಸಿದೆನೆಂದು ಸ್ಕೂಲಿನ ಸಿಕ್ಕಾ ಒತ್ತಿಕೊಟ್ಟಿದ್ದ. ಆ ಪುಣ್ಯಾತ್ಮ ಮರುವಾರವೇ ಜೀಪನ್ನು ಗೋಡೆಗೆ ಗುದ್ದಿದ. ತನಿಖೆಯಾಗಿ ರಸೂಲಸಾಬ ಮೂರು ತಿಂಗಳು ಸ್ಕೂಲಿನ ಬಾಗಿಲು ಹಾಕಿಕೊಂಡು ಕೂಡಬೇಕಾಯಿತು.

ಈಗ ಡಬ್ಬಿ ಹಿಡಿದು ನಿಂತವನು ತಿಕೋಟಾದ ಕುನಾಲ, ಹೈಸ್ಕೂಲ್ ಮಾಸ್ತರ.

"ನಮ್ಮಕ್ಕ ಯಶೋಧರಾ ಐರ್ಲೆಂಡಿನ್ಯಾಗ ನರ್ಸ್ ಅದಾಳ್ರಿ ಕಾಕಾ. ಅಲ್ಲಿ ಹೊಸಾ ಲೈಸೆನ್ಸ್ ತಗೀಬೇಕಂತ. ಅಲ್ಲಿ ಕಲಿಸೋ ಸ್ಕೂಲಿನವರು, ಊರಾಗ ಯಾರ ಕಡೆ ಕಲ್ತೀದಿ, ಎಷ್ಟು ದಿನ ಕಲ್ತೀದಿ, ಪತ್ರ ತರಸು ಅಂದಾರ್ರಿ. ಆಕಿ ನಿಮ್ಮ ಕಡೇನ ಕಲ್ತಾಳ."

"ಯಾವ ವರ್ಷ?"

"ಹತ್ತೊಂಬತ್ತರಾಗ್ರಿ."

ರಸೂಲಸಾಬ ಆ ವರ್ಷದ ರಜಿಸ್ಟರ್ ತೆಗೆದ. ಎಲ್ಲ ಅವನದೇ ಅಕ್ಷರ, ಹೆಸರಿಗೊಂದು ಫೋಟೋ. ಎರಡು ಸಲ ತಿರುವಿದ. ಯಶೋಧರಾ ಇರಲಿಲ್ಲ.

"ಆ ವರ್ಷ ತಿಕೋಟಾದಿಂದ ಬಂದವರು ಇಬ್ಬರ. ಇಬ್ಬರೂ ಗಂಡಸರು. ಡಬ್ಬಿ ತಗೊಂಡು ನಡಿ ತಮ್ಮಾ."

ಕುನಾಲ ಮೊಬೈಲಿನಲ್ಲಿ ಅಕ್ಕನ ಲೈಸೆನ್ಸ್ ತೋರಿಸಿದ. ಅದು ಖರೇದೇ ಇತ್ತು, ವಿಜಯಪುರದ್ದೇ ನಂಬರು. ರಸೂಲಸಾಬನ ಅನುಮಾನ ಇನ್ನೂ ಹೆಚ್ಚಾಯಿತು. ಲೈಸೆನ್ಸ್ ಖರೆ ಇದ್ದಮೇಲೆ ಕಲಿಸಿದವರ ಹೆಸರು ಯಾಕೆ ಸುಳ್ಳು ಹೇಳಬೇಕು?

"ಆಕಿಗೇ ಫೋನ್ ಹಚ್ಚು. ಮಾರಿ ನೋಡಿ ಮಾತಾಡ್ತೇನಿ."

ತೆರೆಯ ಮೇಲೆ ದಪ್ಪ ಕೋಟು ತೊಟ್ಟ ಹೆಣ್ಣುಮಗಳು ಕಾಣಿಸಿದಳು. ಅವಳು ನಮಸ್ಕಾರ ಮುಗಿಸುವುದರೊಳಗೆ ರಸೂಲಸಾಬ ಕೇಳಿಯೇಬಿಟ್ಟ: "ನನ್ನ ಬಿಳಿ ಕಾರಿನ ಹ್ಯಾಂಡ್‌ಬ್ರೇಕ್ ಹ್ಯಾಂಗಿತ್ತು?"

"ಅದು ಹಿಡೀತಿರಲಿಲ್ಲಲ್ರಿ! ಕೆನಾಲ್ ಏರಿ ಮ್ಯಾಲ ನಿಲ್ಲಿಸಿದ್ರ ಹಿಂದಿನ ಗಾಲಿಗೆ ಕಲ್ಲು ಕೊಡಬೇಕಿತ್ತು."

ಆ ಕಾರಿನಲ್ಲಿ ಕೂತವರಿಗಲ್ಲದೆ ಇದು ತಿಳಿಯುವ ಮಾತಲ್ಲ. ಆದರೆ ಕೆನಾಲ್ ಏರಿಗೆ ಅವನೆಂದೂ ಯಾರನ್ನೂ ಒಯ್ದಿರಲಿಲ್ಲ.

"ಕಲ್ಲು ಯಾರು ಕೊಡ್ತಿದ್ರು?"

ಯಶೋಧರಾ ತಮ್ಮನ ಕಡೆ ನೋಡಿದಳು, ಆಮೇಲೆ ಕೆಳಗೆ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ಚಹಾ ತಂದ ಸಬೀರಾ ಗಂಡನ ಹೆಗಲ ಮೇಲಿಂದ ಇಣುಕಿ, "ಅಯ್ಯ, ಯಶೋಧರಾ! ಎಷ್ಟು ಸೊರಗೀದಿಯವ್ವಾ!" ಅಂದುಬಿಟ್ಟಳು. ಅಂದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

ಕುನಾಲ ಫೋನ್ ಕಟ್ ಮಾಡಿ ಹೊರಗೆ ಹೋಗಿ ನಿಂತ.

"ಎಷ್ಟು ದಿನದಿಂದ ನಡದೈತಿ ಇದು?" ರಸೂಲಸಾಬ ಹೆಂಡತಿಯನ್ನು ಕೇಳಿದ.

"ಎರಡು ವರ್ಷ ನಡೀತು. ನೀವು ಮಂಗಳವಾರ, ಶುಕ್ರವಾರ ಬಸ್ ಹತ್ತಿ ಬಬಲೇಶ್ವರಕ್ಕ ಹೋಗ್ತಿದ್ರಿ, ಆವಾಗ," ಅಂದಳು ಸಬೀರಾ. "ಒಂಬತ್ತು ಮಂದಿ ಹೆಣ್ಣುಮಕ್ಕಳಿಗೆ ಕಲಿಸೇನಿ. ಗಂಡಸರ ಬಾಜೂ ಕುಂತು ಕಲಿಯಾಕ ಅವರ ಮನ್ಯಾಗ ಬಿಡ್ತಿರಲಿಲ್ಲ. ನಿಮಗ ಹೇಳಿದ್ರ ರಜಿಸ್ಟರ್, ಫೋಟೋ ಅಂತಿದ್ರಿ. ಯಾರೂ ಬರ್ತಿರಲಿಲ್ಲ."

ಸಬೀರಾಗೆ ಕಾರು ಕಲಿಸಿದವನು ರಸೂಲಸಾಬನೇ, ಲೈಸೆನ್ಸ್ ಕೊಡಿಸಿದವನೂ ಅವನೇ. ಈಗ ಆ ಬುಧವಾರ, ಶನಿವಾರಗಳ ಮುಂಜಾನೆಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಗಾಲಿಗೆ ಕೆನಾಲಿನ ಕರಿಮಣ್ಣು, ಮುಂದೆ ಜರುಗಿಸಿದ ಸೀಟು. ಅದನ್ನೆಲ್ಲ ಕಂಡು, ಆಗ ಸ್ಕೂಲಿನಲ್ಲಿದ್ದ ಮೆಕ್ಯಾನಿಕ್ ಅಪ್ಪು ಕದ್ದು ಗಾಡಿ ಒಯ್ಯುತ್ತಾನೆಂದು ಕೂಗಾಡಿ, ನಾಲ್ಕು ಜನರ ಎದುರಿಗೆ ಅವನನ್ನು ಕೆಲಸದಿಂದ ತೆಗೆದಿದ್ದ.

"ಅಪ್ಪೂನ ತಗದ ದಿನಾನೂ ನೀ ಸುಮ್ಮ ಇದ್ದಿ."

ಸಬೀರಾಳ ಕಣ್ಣು ತುಂಬಿದವು.

ರಸೂಲಸಾಬ ಕಾಗದ ಎಳೆದುಕೊಂಡ. ತಾನು ಕಲಿಸಿದೆನೆಂದು ಬರೆಯಲಿಲ್ಲ. ಈ ಸ್ಕೂಲಿನ ಕಾರಿನಲ್ಲಿ ತನ್ನ ಹೆಂಡತಿ ಸಬೀರಾ ಮೂರು ತಿಂಗಳು ಕಲಿಸಿದಳು, ರಜಿಸ್ಟರಿನಲ್ಲಿ ಹೆಸರು ಹಚ್ಚಿರಲಿಲ್ಲ ಎಂದು ಇದ್ದದ್ದು ಇದ್ದಂತೆ ಬರೆದ. ಸ್ಕೂಲಿಗೆ ಇದರಿಂದ ತೊಂದರೆ ಬಂದರೂ ಬಂದೀತು ಎಂದು ಗೊತ್ತಿತ್ತು.

"ಸಹಿ ನೀ ಮಾಡು. ಕಲಿಸಿದಾಕಿ ನೀನು."

ಎರಡು ತಿಂಗಳಿಗೆ ಕುನಾಲ ಫೋನ್ ಮಾಡಿದ. ಅಕ್ಕ ಮೊದಲ ಸಲ ಟೆಸ್ಟಿನಲ್ಲಿ ಫೇಲಾಗಿ, ಎರಡನೇ ಸಲಕ್ಕೆ ಪಾಸಾಗಿದ್ದಳು. ಅಷ್ಟು ದಿನವೂ ರಸೂಲಸಾಬ ಬಬಲೇಶ್ವರ ಬಸ್‌ಸ್ಟ್ಯಾಂಡ್ ಹತ್ತಿರ ಅಪ್ಪುವಿನ ಗ್ಯಾರೇಜಿನ ಮುಂದೇ ಹಾದು ಹೋಗುತ್ತಿದ್ದ, ಮುಖ ಬೇರೆ ಕಡೆ ತಿರುವಿಕೊಂಡು. ಆ ಶುಕ್ರವಾರ ಸಬೀರಾಳನ್ನೂ ಕರೆದುಕೊಂಡು ಬಂದು, ಬಸ್ಸಿಳಿದು ನೇರ ಅಲ್ಲಿಗೇ ಹೋದ.

ಅಪ್ಪು ಕೈ ಒರೆಸಿಕೊಂಡು ಎದ್ದು, ಇಬ್ಬರನ್ನೂ ನೋಡಿ ಮೊದಲು ರಸ್ತೆಯ ಕಡೆ ಕಣ್ಣಾಡಿಸಿದ, ಹಿಂದೆ ಇನ್ನು ಯಾರು ಬಂದಿದ್ದಾರೋ ಎಂಬಂತೆ.

"ತಪ್ಪು ನಂದೈತಿ ಅಪ್ಪು. ಗಾಡಿ ನೀ ಒಯ್ದಿರಲಿಲ್ಲ."

"ನಾ ಒಯ್ದಿಲ್ಲ ಅನ್ನೂದು ನನಗ ಆವತ್ತೇ ಗೊತ್ತಿತ್ತಲ್ರಿ," ಅಂದ ಅಪ್ಪು. ಸಬೀರಾಳ ಕಡೆ ಒಂದು ಸಲ ನೋಡಿದ. "ಯಾರು ಒಯ್ತಿದ್ರು ಅನ್ನೂದೂ ಗೊತ್ತಿತ್ತು."

ಬೆಂಚು ಜಾಡಿಸಿ ಕೂಡಲು ಹೇಳಿದ. ಎರಡು ಚಹಾ ತರಿಸಿದ. ತಾನು ಮಾತ್ರ ಕುಡಿಯದೆ, ಬಿಚ್ಚಿಟ್ಟ ಟ್ರ್ಯಾಕ್ಟರಿನ ಗಾಲಿಯ ಮುಂದೆ ಹೋಗಿ ಕೂತ.