ರೆಪ್ಪೆಗೆ ತಾಗಿದ ಮೊಟ್ಟೆ

"ಇದು ಉರುಳಿಲ್ಲ ಕಣೆ," ಎಂದಳು ಅಜ್ಜಿ ಲೋಲಾ ಸೆಪಾ. ಬಾತುಮೊಟ್ಟೆಯೊಂದನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿಕೊಂಡಿದ್ದಳು. "ಮೇಲ್ಗಡೆ ಬಿಸಿ, ಕೆಳಗಡೆ ತಣ್ಣಗೆ. ನಿನ್ನೆಯಿಂದ ಹಿಂಗೇ ಬಿದ್ದಿದೆ."

ಮೊಮ್ಮಗಳು ಅಮಿಹಾನ್ ಲ್ಯಾಪ್‌ಟಾಪಿನ ಕಡೆ ನೋಡಿದಳು. ನಿನ್ನೆ ಬೆಳಗಿನಿಂದ ನಾಲ್ಕು ಗಂಟೆಗೊಮ್ಮೆ ಟೈಮರ್ ಗಂಟೆ ಬಾರಿಸಿದೆ ಎಂದು ದಾಖಲೆಯಲ್ಲಿತ್ತು. ಒಟ್ಟು ಆರು ಸಲ. ಗಂಟೆ ಬಾರಿಸಿದಾಗಲೆಲ್ಲ ಕಾವು ಪೆಟ್ಟಿಗೆಯೊಳಗಿನ ಉರುಳೆಗಳು ತಿರುಗಿ ಎರಡು ಸಾವಿರ ಮೊಟ್ಟೆಗಳನ್ನು ಅರ್ಧ ಸುತ್ತು ಹೊರಳಿಸಬೇಕು. ಹೊರಳದಿದ್ದರೆ ಒಳಗಿನ ಐದು ದಿನದ ಜೀವ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ.

"ಮೇಲ್ಮಗ್ಗುಲಿಗೆ ಹಾಕಿದ್ದ ಇದ್ದಿಲ ಗುರುತು ನೋಡಿ, ಲೋಲಾ."

"ಮೇಲೇ ಇದೆ."

"ಆರು ಅರ್ಧ ಸುತ್ತು ಹಾಕಿದ್ರೂ ಮೇಲಕ್ಕೇ ಬರತ್ತಲ್ಲ!" ಅಂದವಳಿಗೆ ತನ್ನ ಮಾತೇ ಗೊಂದಲವಾಯಿತು. ಒಂದೂ ಸುತ್ತದೆ ಬಿದ್ದಿದ್ದರೂ ಗುರುತು ಇರುವುದು ಅಲ್ಲೇ.

ಸೋದರಮಾವ ನಾರ್ದೋ ಬಾಗಿಲಲ್ಲಿ ನಿಂತು ನಕ್ಕ. "ಅಮ್ಮಾ, ಕಂಪ್ಯೂಟರ್ರೇ ಹೇಳ್ತಿದೆ. ನಿನ್ನ ಕಣ್ಣಿಗೆ ಪೊರೆ ಬಂದು ಮೂರು ವರ್ಷ ಆಯ್ತು."

"ಪೊರೆ ಬಂದಿರೋದು ಕಣ್ಣೊಳಗೆ ಕಣೋ, ರೆಪ್ಪೆಗಲ್ಲ. ಬಾ, ಕೈ ಹಚ್ಚು. ಅವಳು ಹುಡುಕ್ತಿರ್ಲಿ."

ಅಮ್ಮ ಮಗ ಇಬ್ಬರೂ ಬಗ್ಗಿ ಒಂದೊಂದೇ ಮೊಟ್ಟೆಯನ್ನು ಹೊರಳಿಸತೊಡಗಿದರು. ಅಮಿಹಾನ್ ತಾನೇ ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ಟೈಮರ್ ಹುಟ್ಟಿದೆ. ಅವಧಿ ಸರಿ ಇದೆ. ಪ್ರತಿ ಸಾಲೂ ಸರಿ ಎಂದೇ ಹೇಳುತ್ತಿದೆ. ಮತ್ತೆ ಓದಿದಳು. ಎಲ್ಲ ಸರಿಯಿದ್ದೂ ಏನೂ ಆಗಿಲ್ಲವೆಂದರೆ ಏನರ್ಥ? ಗಂಟೆ ಬಾರಿಸಿದೆ, ಯಾರೂ ಎದ್ದಿಲ್ಲ. ರಾಕ್ಷಸ ಇಡೀ ಊರಿಗೆ ನಿದ್ದೆ ಬರಿಸಿದ, ಲೋಲಾ ಹೇಳುತ್ತಿದ್ದ ಕತೆ ನೆನಪಾಗಿ ತಲೆ ಇನ್ನಷ್ಟು ಕೆಟ್ಟಿತು.

ನಿನ್ನೆ ಬದಲಾಯಿಸಿದ್ದು ಒಂದೇ. ಅದುವರೆಗೆ ಒಂದೇ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮಿನ ಒಂದೇ ಪ್ರತಿ, ಎಲ್ಲ ಕೆಲಸ ಮಾಡುತ್ತಿತ್ತು. ನಿನ್ನೆ ಅದನ್ನು ಇಬ್ಭಾಗ ಮಾಡಿದ್ದಳು: ತಾಯಿ ಶಾಖ ಕಾಯಬೇಕು, ಅದರಿಂದ ಹುಟ್ಟಿದ ಮರಿ ಉರುಳೆ ತಿರುಗಿಸಬೇಕು. ಟೈಮರ್ ಕಟ್ಟಿದ್ದು ಮರಿ ಹುಟ್ಟುವ ಮೊದಲು. ಕೈಪಿಡಿ ತೆರೆದಳು. ಪುಟದ ನಡುವೆ, ಯಾರೂ ಕೇಳದಿದ್ದರೂ ಹೇಳಿಟ್ಟಂತೆ, ಒಂದು ಸಾಲಿತ್ತು: ತಾಯಿಯ ಟೈಮರ್‌ಗಳು ಮರಿಗೆ ಬರುವುದಿಲ್ಲ.

ಗಂಟೆ ಬಾರಿಸಿದ್ದು ನಿಜ. ತಾಯಿ ಕೇಳಿಸಿಕೊಂಡಿತು, ದಾಖಲೆಗೆ ಬರೆಯಿತು, ತನ್ನ ಶಾಖ ಕಾಯುತ್ತ ಕೂತಿತು. ಆಚೆ ಉರುಳೆಯ ಬಳಿ ಮರಿ, ತನಗೆಂದೂ ಬಾರದ ಗಂಟೆಗೆ ಕಿವಿಗೊಟ್ಟು ಇಡೀ ದಿನ ಕಾದಿತ್ತು.

"ಲೋಲಾ, ನೀವು ಹೇಳಿದ್ದೇ..."

"ಮಾತು ಆಮೇಲೆ. ಇನ್ನೂ ಮೂರು ತಟ್ಟೆ ಇವೆ, ಬಾ."

ಕೈಕೆಲಸ ಮುಗಿದ ಮೇಲೆ ಮೂಲೆಯ ಕತ್ತಲಲ್ಲಿ ಹತ್ತು ಮೊಟ್ಟೆಗಳನ್ನು ಬಲ್ಬಿಗೆ ಹಿಡಿದು ನೋಡಿದರು. ಒಂಬತ್ತರಲ್ಲಿ ಕೆಂಪು ನರಗಳು ಜೇಡನ ಕಾಲಿನಂತೆ ಹರಡಿದ್ದವು. ಹತ್ತನೆಯದರಲ್ಲಿ ಒಂದು ಮಗ್ಗುಲಿಗೆ ರಕ್ತದ ಗೆರೆಯಷ್ಟೇ ಅಂಟಿಕೊಂಡಿತ್ತು. ಲೋಲಾ ಅದನ್ನು ಬೇರೆ ಇಟ್ಟಳು.

"ಬೈಯಲ್ವಾ?"

"ನಿನ್ನ ವಯಸ್ಸಲ್ಲಿ ನಾನು ಕಾವು ಜಾಸ್ತಿ ಕೊಟ್ಟು ಒಂದು ಬುಟ್ಟಿ ಪೂರ್ತಿ ಬೇಯಿಸಿಟ್ಟಿದ್ದೆ," ಎಂದಳು ಲೋಲಾ.

"ಆ ಮೊಟ್ಟೇನ ಒಂದು ವಾರ ತನಗೇ ತಿನ್ನಿಸಿದ್ಲು ಅಂತ ನನ್ನಪ್ಪ ಹೇಳ್ತಿದ್ದ," ಎಂದ ನಾರ್ದೋ.

ಅಮಿಹಾನ್ ಟೈಮರ್ ಕಟ್ಟುವ ಸಾಲುಗಳನ್ನು ಮರಿಯೊಳಕ್ಕೆ ಸರಿಸಿದಳು. ಹನ್ನೆರಡಕ್ಕೆ ಉರುಳೆಗಳು ಗೊರಗೊರ ಎಂದವು. ಇದ್ದಿಲ ಗುರುತುಗಳು ಒಟ್ಟಿಗೆ ಜಾಗ ಬದಲಿಸಿದವು.

ನಾಲ್ಕಕ್ಕೆ ಮತ್ತೆ ಅದೇ ಸದ್ದು. ಅವಳು ದಾಖಲೆ ತೆರೆಯಲಿಲ್ಲ. ನಡುತಟ್ಟೆಯಿಂದ ಒಂದು ಮೊಟ್ಟೆ ಎತ್ತಿ, ಕಣ್ಣು ಮುಚ್ಚಿ ರೆಪ್ಪೆಗೆ ತಾಗಿಸಿಕೊಂಡಳು. ತಿರುಗಿಸಿ ಇನ್ನೊಂದು ಮಗ್ಗುಲು ತಾಗಿಸಿದಳು. ಮತ್ತೆ ಮೊದಲಿನದು. ಎರಡೂ ಕಡೆ ಒಂದೇ ಸಮ ಬೆಚ್ಚಗಿತ್ತು.