ಮೀನಾಕ್ಷಮ್ಮ ಚೂಡಿದಾರ ತಂದಿದ್ದು

ಮೀನಾಕ್ಷಮ್ಮನ ಬಲ ಹೆಗಲು ಮುರಿದು ಐದನೇ ತಿಂಗಳು ನಡೆಯುತ್ತಿತ್ತು. ತೋಟದ ಮೋಟರ್ ಮನೆ ಪಕ್ಕ ಪಾಚಿ ಮೇಲೆ ಕಾಲಿಟ್ಟು ಜಾರಿದ್ದು ಅಷ್ಟೇ. ಪ್ಲೇಟ್ ಹಾಕಿ, ಆರು ಸ್ಕ್ರೂ ಬಿಗಿದು ಕಳಿಸಿದ್ದರು. ಮೂಳೆಯೇನೋ ಕೂಡಿಕೊಂಡಿತು. ಕೈ ಮಾತ್ರ ಎದೆ ಮಟ್ಟದಿಂದ ಮೇಲಕ್ಕೆ ಏಳುತ್ತಿರಲಿಲ್ಲ, ಬೆನ್ನ ಹಿಂದಕ್ಕಂತೂ ಹೋಗುತ್ತಲೇ ಇರಲಿಲ್ಲ.

ಕೈ ಬೆನ್ನ ಹಿಂದಕ್ಕೆ ಹೋಗದ ಹೆಂಗಸಿಗೆ ಸೀರೆ ಉಡಲು ಆಗುವುದಿಲ್ಲ. ಐವತ್ತೆಂಟನೇ ವಯಸ್ಸಿಗೆ ಆಕೆಗೆ ಅದು ಗೊತ್ತಾಯಿತು. ದಿನಾ ಬೆಳಿಗ್ಗೆ ಏಳೂವರೆಗೆ ಸೊಸೆ ಸೌಮ್ಯ ಅತ್ತೆಯನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಸೀರೆ ಉಡಿಸಿ, ನೆರಿಗೆ ಸಿಕ್ಕಿಸಿ, ಮೂರು ಪಿನ್ನು ಹಾಕಿ, ತಾನೂ ಸೀರೆ ಸುತ್ತಿಕೊಂಡು ಎಂಟರ ಬಸ್ಸಿಗೆ ಓಡುತ್ತಿದ್ದಳು. ಅಜ್ಜಂಪುರದ ಒಂದು ಕಾನ್ವೆಂಟಿನಲ್ಲಿ ಅವಳು ಟೀಚರ್. ಮೀನಾಕ್ಷಮ್ಮನ ಮಗ ಭೈರೇಶ್ ಬೋರ್‌ವೆಲ್ ಲಾರಿ ಜೊತೆ ಹೊರಟರೆ ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಗಂಡ ಸಿದ್ದಪ್ಪ ಬೆಳಕು ಹರಿಯುವ ಮುಂಚೆ ತೋಟದಲ್ಲಿ. ಹಾಗಾಗಿ ಬೆಳಗಿನ ಆ ಹತ್ತು ನಿಮಿಷ ಅತ್ತೆ ಸೊಸೆ ಇಬ್ಬರೇ. ಮೀನಾಕ್ಷಮ್ಮ ಗೋಡೆ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಸೌಮ್ಯ ಒಂದು ದಿನಕ್ಕೂ ಮುಖ ಗಂಟು ಹಾಕಿದವಳಲ್ಲ. ಗಂಟು ಹಾಕಿದ್ದರೆ ವಾಸಿಯಿತ್ತು ಅಂತ ಒಂದೊಂದು ಸಲ ಮೀನಾಕ್ಷಮ್ಮನಿಗೆ ಅನ್ನಿಸುತ್ತಿತ್ತು.

ಮನೆಯೊಳಗೆ ಮುಂದೆ ಜಿಪ್ ಇರುವ ನೈಟಿ ಇತ್ತು. ಆದರೆ ನೈಟಿ ಹಾಕಿಕೊಂಡು ಅಂಗಳ ದಾಟಿದವಳಲ್ಲ ಆಕೆ.

ಹೀಗಿರುವಾಗ ಒಂದು ಮಧ್ಯಾಹ್ನ, ಹಿತ್ತಲಲ್ಲಿ ಬಗ್ಗಿ ತೆಂಗಿನ ಮಟ್ಟೆ ಎಳೆಯುವಾಗ ಪಿನ್ನು ಕಳಚಿ ಸೀರೆಯೆಲ್ಲ ಸಡಿಲವಾಗಿ ಕಾಲಿಗೆ ತೊಡರಿತು. ಎಡಗೈಲಿ ಬಾಚಿ ಹಿಡಿದುಕೊಂಡು ಹೇಗೋ ಒಳಗೆ ಬರುವಷ್ಟರಲ್ಲಿ ಮುಂಬಾಗಿಲಲ್ಲಿ ಕಾಯಿ ವ್ಯಾಪಾರಿ ಜವರಯ್ಯ ನಿಂತಿದ್ದ.

“ಅಮ್ಮಾ, ಮನೇಲಿ ಯಾರಿದ್ದೀರಾ?”

ಮೀನಾಕ್ಷಮ್ಮ ಬಾಗಿಲ ಹಿಂದೆ ಗೋಡೆಗೆ ಒರಗಿ, “ಯಾರೂ ಇಲ್ಲ ಕಣಪ್ಪಾ” ಅಂದಳು.

ಜವರಯ್ಯ ಬಾಗಿಲಿಂದ ಹಿಂದಕ್ಕೆ ಸರಿದ. “ಸರಿ ಬುಡಿ, ಆಮೇಲೆ ಬತ್ತೀನಿ” ಅಂದು ಹೊರಟುಹೋದ. ನಗಲಿಲ್ಲ. ಪಾಪ, ಅರ್ಥ ಮಾಡಿಕೊಂಡಿದ್ದ. ಮೀನಾಕ್ಷಮ್ಮ ಮಾತ್ರ ನೆಲದ ಮೇಲೆ ಕೂತು, ಸೀರೆ ರಾಶಿಯನ್ನು ಮಡಿಲಲ್ಲಿ ಇಟ್ಟುಕೊಂಡು, ಸೊಸೆ ಬರುವ ಐದು ಗಂಟೆ ತನಕ ಏಳಲಿಲ್ಲ.

ಗುರುವಾರ ಗುರುವಾರ ಕೈಗೆ ವ್ಯಾಯಾಮ ಮಾಡಿಸಲು ತರೀಕೆರೆಗೆ ಹೋಗಬೇಕಿತ್ತು. ಯಾವಾಗಲೂ ಸಿದ್ದಪ್ಪ ಜೊತೆಗೆ ಬರುತ್ತಿದ್ದ. ಆ ವಾರ ಆಕೆ, “ನೀವು ಬ್ಯಾಡ, ಒಬ್ಬಳೇ ಹೋಗ್ತೀನಿ” ಅಂದಳು. ಸಿದ್ದಪ್ಪ ಹೆಂಡತಿ ಮುಖ ನೋಡಿದ. “ಬಸ್ಸಲ್ಲಿ ಎಡಗೈಲಿ ಗಟ್ಟಿಯಾಗಿ ಹಿಡ್ಕೊ” ಅಂದ, ಅಷ್ಟೇ.

ತರೀಕೆರೆಯಲ್ಲಿ ಇಳಿದವಳೇ ಮೀನಾಕ್ಷಮ್ಮ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ಚೂಡಿದಾರ ಕೇಳಿದಳು. ಕೌಂಟರಿನ ಹುಡುಗಿ ನಗುತ್ತಾ ಕೇಳಿದಳು: “ಚೂಡಿದಾರ ಯಾರಿಗಮ್ಮಾ? ಮಗಳಿಗಾ?”

“ಹೂಂ, ಮಗಳಿಗೆ.”

“ಸೈಜ್ ಎಷ್ಟು?”

“ನನ್ನಷ್ಟೇ ಇದ್ದಾಳೆ.”

ಹುಡುಗಿ ಆಕೆಯನ್ನು ಮೇಲಿಂದ ಕೆಳಗೆ ಅಳೆದಳು. ಆ ನೋಟಕ್ಕೇ ಮೀನಾಕ್ಷಮ್ಮನ ಕಿವಿ ಬಿಸಿಯಾಯಿತು. “ಅವಳನ್ನೇ ಕರ್ಕೊಂಡು ಬತ್ತೀನಿ” ಅಂದು ಹೊರಗೆ ಬಂದುಬಿಟ್ಟಳು. ಮಗಳು ಅನ್ನುವವಳು ಆಕೆಗೆ ಇರಲೇ ಇಲ್ಲ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮನೆಯ ಮುಂದಿನ ಕೋಣೆಯಲ್ಲಿ ಹಳೇ ಬಟ್ಟೆ ಮಾರುತ್ತಾರೆ ಅನ್ನುವುದು ಆಕೆಗೆ ಗೊತ್ತಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅದು. ಒಗೆದು ಇಸ್ತ್ರಿ ಮಾಡಿದ ಟಾಪುಗಳು ಬಾಗಿಲ ಮೇಲಿನ ಹಗ್ಗದಲ್ಲಿ ನೇತಾಡುತ್ತಿದ್ದವು, ಒಳಗೆ ಚಾಪೆ ಮೇಲೆ ರಾಶಿ. ಹಳೇದಾದರೆ ಒಂದು ಅನುಕೂಲವಿದೆ ಅಂತ ಆಕೆ ನಡೆಯುತ್ತಲೇ ಲೆಕ್ಕ ಹಾಕಿದಳು. ಹೊಸದು ತಂದರೆ ಈ ವಯಸ್ಸಿಗೆ ಶೋಕಿ ಅನ್ನುತ್ತಾರೆ. ಮಾಸಿದ್ದು ತಂದರೆ ಯಾರೋ ಕೊಟ್ಟರು, ಬಿಸಾಡಲು ಮನಸ್ಸು ಬರಲಿಲ್ಲ ಅನ್ನಬಹುದು.

ಅಂಗಡಿ ನಡೆಸುತ್ತಿದ್ದವಳು ಮುಸರತ್. ಮೂವತ್ತೈದರ ಆಸುಪಾಸು. ಮಿಷನ್ ಮುಂದೆ ಕೂತು ಏನೋ ಹೊಲಿಯುತ್ತಿದ್ದಳು. ಮೂಲೆಯ ಮಂಚದ ಮೇಲೆ ಅವಳ ಅತ್ತೆ ಸುಗ್ರಾಬಿ ದಿಂಬಿಗೆ ಒರಗಿ ಕಡಲೇಕಾಯಿ ಸುಲಿಯುತ್ತಿದ್ದಳು, ಒಂದೇ ಕೈಯಲ್ಲಿ. ಮೀನಾಕ್ಷಮ್ಮ ರಾಶಿ ಮುಂದೆ ಕೂತು ಒಂದೊಂದೇ ಎತ್ತಿ ನೋಡತೊಡಗಿದಳು. ಯಾರಿಗೆ ಅಂತ ಮುಸರತ್ ಕೇಳಲಿಲ್ಲ. ಒಂದು ಟಾಪಿನ ತೋಳಿನ ಗಂಜಿ ಬಿಟ್ಟು ಹತ್ತಿ ಮೆತ್ತಗಾಗಿತ್ತು. ಆಪರೇಷನ್ ಗೆರೆ ಮೇಲೆ ಇಂಥದೇ ಬೇಕು ಅಂತ ಕೆನ್ನೆಗೆ ಒತ್ತಿ ನೋಡಿದಳು. ತಿಳಿಹಸಿರು, ಬಿಳಿ ಚುಕ್ಕಿ.

“ಅದು ಚೆನ್ನಾಗಿದೆಯಮ್ಮಾ, ಎಲ್ಲೂ ಹರಿದಿಲ್ಲ,” ಅಂದಳು ಮುಸರತ್. “ಆದರೆ ತಲೆ ಮೇಲಿಂದ ಹಾಕೋದು. ನಿಮ್ಮ ಕೈ ಏಳಲ್ಲ ಅಲ್ವಾ?”

ಮೀನಾಕ್ಷಮ್ಮ ತಬ್ಬಿಬ್ಬಾದಳು. “ನನಗಲ್ಲ ಇದು...”

ಮಂಚದಿಂದ ಸುಗ್ರಾಬಿ ನಕ್ಕಳು. “ಬಿಡಮ್ಮಾ. ಒಂದೇ ಕೈಲಿ ಬಟ್ಟೆ ತಿರುವೋದು ನೋಡಿದ್ರೆ ಗೊತ್ತಾಗಲ್ವಾ? ನನಗೂ ಎಡಗಡೆ ಪೂರಾ ಬಿದ್ದೋಗಿದೆ. ಎರಡು ವರ್ಷ ಆಯ್ತು. ಇಲ್ಲಿ ನೋಡು.” ಹಾಗಂದವಳು ದುಪ್ಪಟ್ಟ ಸರಿಸಿ, ಕಮೀಜಿನ ಎಡ ಹೆಗಲಿಗೆ ಬಲಗೈ ಹಾಕಿ ಟಪ್ ಟಪ್ ಅಂತ ನಾಲ್ಕು ಟಿಚ್ ಬಟನ್ ಬಿಚ್ಚಿದಳು. ಕುತ್ತಿಗೆಯಿಂದ ತೋಳಿನ ತನಕ ಬಟ್ಟೆ ಎರಡು ಹೋಳಾಗಿ ತೆರೆದುಕೊಂಡಿತು. ಮತ್ತೆ ಟಪ್ ಟಪ್, ಮುಚ್ಚಿತು. “ನಮ್ಮ ಸೊಸೆ ಮಾಡಿದ್ದು. ಮೊದಲು ಬೆಳಿಗ್ಗೆ ಎದ್ರೆ ಅಳು ಬರೋದು, ಇನ್ನೊಬ್ಬರ ಕೈಲಿ ಬಟ್ಟೆ ಹಾಕಿಸ್ಕೋಬೇಕಲ್ಲ ಅಂತ. ಈಗ ಇವಳು ಏಳೋದರೊಳಗೆ ನಾನು ರೆಡಿ.”

ಮೀನಾಕ್ಷಮ್ಮ ತಿಳಿಹಸಿರು ಟಾಪನ್ನು ಮುಸರತ್ ಮುಂದೆ ಹಿಡಿದಳು. “ನನಗೂ ಹಂಗೇ ಮಾಡಿಕೊಡ್ತೀಯೇನಮ್ಮಾ? ಕೈ ವ್ಯಾಯಾಮಕ್ಕೆ ಆಸ್ಪತ್ರೆಗೆ ಹೋಗಿ ಬತ್ತೀನಿ.”

“ಕೈ ವ್ಯಾಯಾಮ ಮುಗಿಸಿಕೊಂಡು ಬನ್ನಿ, ಅಷ್ಟರಲ್ಲಿ ಆಗುತ್ತೆ,” ಅಂದಳು ಮುಸರತ್. “ಪ್ಯಾಂಟಿಗೆ ಲಾಡಿ ತೆಗೆದು ಎಲಾಸ್ಟಿಕ್ ಹಾಕ್ತೀನಿ.”

ಮಧ್ಯಾಹ್ನ ಮುಸರತ್ ಮನೆಯ ಒಳಗಿನ ಕೋಣೆಯಲ್ಲಿ ಮೀನಾಕ್ಷಮ್ಮ ಒಬ್ಬಳೇ, ಐದು ತಿಂಗಳಲ್ಲಿ ಮೊದಲ ಸಲ, ತನ್ನ ಕೈಯಾರೆ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡಳು. ಬೆವರು ಬಂತು. ಎರಡು ಬಟನ್ ತಪ್ಪಾಗಿ ಕೂತು ಮತ್ತೆ ಬಿಚ್ಚಬೇಕಾಯಿತು. ಕನ್ನಡಿಯಲ್ಲಿ ಯಾರೋ ಪರಿಚಯದ ಹೆಂಗಸಿನ ಅಕ್ಕನ ಹಾಗೆ ಕಂಡಳು. ಆದರೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಮುಸರತ್ ಕೈಲಿ ಸೀರೆ ಉಡಿಸಿಕೊಂಡೇ ಬಸ್ಸು ಹತ್ತಿದಳು.

ಊರಿಗೆ ಹೆದರಿದ್ದಲ್ಲ ಅದು. ಆಕೆ ಹೆದರಿದ್ದು ಸೌಮ್ಯಳಿಗೆ.

ಆರು ವರ್ಷದ ಹಿಂದೆ ಸೌಮ್ಯ ಮದುವೆಯಾಗಿ ಶಿವನಿ ಊರಿಗೆ ಬಂದಾಗ ಸೂಟ್‌ಕೇಸ್ ತುಂಬಾ ಚೂಡಿದಾರ ತಂದಿದ್ದಳು. ಮೂರನೇ ದಿನ ಒಂದನ್ನು ಹಾಕಿಕೊಂಡು ಅಡುಗೆಮನೆಗೆ ಬಂದವಳನ್ನು ಮೀನಾಕ್ಷಮ್ಮ ಬಾಗಿಲಲ್ಲೇ ನಿಲ್ಲಿಸಿ, “ನಮ್ಮನೇಲಿ ಇದೆಲ್ಲ ನಡೆಯಲ್ಲ ಕಣಮ್ಮಾ. ಸೀರೆ ಉಟ್ಕೊಂಡು ಬಾ” ಅಂದಿದ್ದಳು. ಕೂಗಾಡಿರಲಿಲ್ಲ, ಮೆತ್ತಗೇ ಹೇಳಿದ್ದಳು. ಆವತ್ತಿಂದ ಇವತ್ತಿನ ತನಕ, ಬಸ್ಸಿಗೆ ಓಡುವಾಗಲೂ, ನಿಲ್ಲದೆ ಹೋದ ಆ ಬಸಿರಿನ ನಾಲ್ಕು ತಿಂಗಳಲ್ಲೂ, ಸೌಮ್ಯ ಸೀರೆಯಲ್ಲೇ ಇದ್ದಳು.

ಸಂಜೆ ಸೌಮ್ಯಳೇ ಚೀಲ ಖಾಲಿ ಮಾಡಿದಳು, ಮಾತ್ರೆ ಹುಡುಕಲು. ಚೂಡಿದಾರ ಕೈಗೆ ಬಂತು.

“ಇದೇನತ್ತೆ?”

“ತರೀಕೆರೇಲಿ ನಮ್ಮ ದೊಡ್ಡಪ್ಪನ ಮಗಳು ಸಿಕ್ಕಿದ್ಲು. ಅವಳದು ಹಳೇದು. ಬ್ಯಾಡ ಅಂದ್ರೂ ಕೊಟ್ಲು.”

ಸೌಮ್ಯ ಅದನ್ನು ಬೆಳಕಿಗೆ ಹಿಡಿದಳು. ಬಲ ಹೆಗಲ ಮೇಲೆ ಹೊಸ ದಾರದಲ್ಲಿ ಹೊಲಿದ ನಾಲ್ಕು ಬಟನ್ ಹೊಳೆಯುತ್ತಿದ್ದವು.

“ನಿಮ್ಮ ದೊಡ್ಡಪ್ಪನ ಮಗಳಿಗೂ ಬಲ ಹೆಗಲೇ ಮುರಿದಿತ್ತಾ ಅತ್ತೆ?”

ಸೌಮ್ಯ ಚೂಡಿದಾರವನ್ನು ನಿಧಾನವಾಗಿ ಮಡಚಿದಳು. ಒಳ್ಳೇ ಅಂಗಡಿಯವರ ಹಾಗೆ ತೋಳು ಒಳಗೆ ಮಾಡಿ ಮಡಚಿದಳು.

“ನಾನು ಹನ್ನೊಂದು ಚೂಡಿದಾರ ತಂದಿದ್ದೆ,” ಅಂದಳು. ದನಿ ಏರಿಸಲಿಲ್ಲ. “ಮೂರು ವರ್ಷ ಅಟ್ಟದ ಮೇಲೆ ಇಟ್ಟಿದ್ದೆ. ಎಂದಾದರೂ ಹಾಕ್ಕೋ ಅಂತೀರೇನೋ ಅಂತ. ಆಮೇಲೆ ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡೋವಳು ಬಂದಾಗ ಕೊಟ್ಟುಬಿಟ್ಟೆ. ನೀವು ದಿನಾ ಅಕ್ಕಿ ತೊಳೀತೀರಲ್ಲ, ಆ ಸ್ಟೀಲ್ ಬೋಗುಣಿ ಬಂತು ಅದಕ್ಕೆ.”

ಅಷ್ಟು ಹೇಳಿ ಒಳಗೆ ಹೋದಳು. ಮಾರನೇ ಬೆಳಿಗ್ಗೆ ಎಂದಿನಂತೆ ಬಂದು ಸೀರೆ ಉಡಿಸಿದಳು. ನೆರಿಗೆ ಎಂದಿಗಿಂತ ಅಚ್ಚುಕಟ್ಟಾಗಿತ್ತು. ಶನಿವಾರವೂ ಹಾಗೇ. ಮಾತಿಲ್ಲ. ಭಾನುವಾರ ಮೀನಾಕ್ಷಮ್ಮನಿಗೆ ತಡೆಯಲಾಗಲಿಲ್ಲ. ಸೊಸೆ ಸೊಂಟದ ಹತ್ತಿರ ಬಗ್ಗಿ ಪಿನ್ನು ಹಾಕುತ್ತಿರುವಾಗಲೇ ಹೇಳಿದಳು:

“ಸೌಮ್ಯ, ನನಗೆ ಆವಾಗ ಗೊತ್ತಾಗಲಿಲ್ಲ ಕಣೇ. ನಮ್ಮತ್ತೆ ನನಗೆ ಹೇಳಿದ್ದನ್ನೇ ನಿನಗೂ ಹೇಳಿದೆ. ನಿನಗೆ ಓಡಾಡೋಕೆ ಕಷ್ಟ ಆಗುತ್ತೆ ಅಂತ ಒಂದಿನ ಯೋಚನೆ ಮಾಡಲಿಲ್ಲ. ನನ್ನ ಮೈಗೆ ಬಂದ ಮೇಲೇ ಗೊತ್ತಾಗಿದ್ದು. ತಪ್ಪಾಯ್ತು.”

ಸೌಮ್ಯ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು. ಪಿನ್ನು ಸಿಕ್ಕಲಿಲ್ಲವೋ ಏನೋ, ಬಹಳ ಹೊತ್ತು ಹಿಡಿಯಿತು.

“ಈ ಗುರುವಾರ ನನಗೆ ಮಧ್ಯಾಹ್ನದ ಮೇಲೆ ರಜಾ ಇದೆ,” ಅಂದಳು ಕೊನೆಗೆ. “ನಾನೂ ಬರ್ತೀನಿ. ನಿಮಗೆ ಒಂದೇ ಚೂಡಿದಾರ ಸಾಲಲ್ಲ.”

ಗುರುವಾರ ಮುಸರತ್ತಳ ಅಂಗಡಿಯಲ್ಲಿ ಸೌಮ್ಯ ರಾಶಿಯನ್ನು ಬುಡಮೇಲು ಮಾಡಿದಳು. ಕಂಕುಳ ಹೊಲಿಗೆ ಎಳೆದು ನೋಡಿದಳು, ಬಣ್ಣ ಬಿಡುತ್ತದಾ ಅಂತ ಒದ್ದೆ ಬೆರಳಲ್ಲಿ ಉಜ್ಜಿದಳು. ಅತ್ತೆ ಬೂದು ಬಣ್ಣದ್ದೊಂದನ್ನು ಎತ್ತಿದರೆ, “ಅದು ಬೇಡ, ಹುಷಾರಿಲ್ಲದವರ ಥರ ಕಾಣ್ತೀರ” ಅಂದು ಕಿತ್ತು ಪಕ್ಕಕ್ಕಿಟ್ಟಳು. ನೇರಳೆ ಬಣ್ಣದ್ದೊಂದು, ಇಟ್ಟಿಗೆ ಕೆಂಪಿನದೊಂದು ಆರಿಸಿದಳು. ಸುಗ್ರಾಬಿ ಮಂಚದಿಂದಲೇ ಎರಡಕ್ಕೂ ತಲೆಯಾಡಿಸಿದಳು. ಮುಸರತ್ ಕೂತ ಕಡೆಯೇ ಅವಕ್ಕೂ ಹೆಗಲಿಗೆ ಬಟನ್ ಹಾಕಿಕೊಟ್ಟಳು.

“ನಿನಗೂ ಒಂದು ನೋಡ್ಕೊ,” ಅಂದಳು ಮೀನಾಕ್ಷಮ್ಮ, ಅಂಜುತ್ತಲೇ.

ಸೌಮ್ಯ ಎದ್ದು ಕೈ ಕೊಡವಿಕೊಂಡಳು. “ನನಗೆ ಹಳೇದು ಬೇಡ ಅತ್ತೆ. ನನ್ನವು ಹೊಸವಾಗಿದ್ದಾಗಲೇ ಹೋದವು.” ನಗದೇ ಹೇಳಿದಳು. “ನನಗೆ ಹೊಸದೇ ಬೇಕು.”

“ಹೊಸದೇ ತಗೊ,” ಅಂದಳು ಮೀನಾಕ್ಷಮ್ಮ. ಇದನ್ನೂ ಕೇಳಿಸಿಕೊಳ್ಳಬೇಕಾದ್ದೇ ಅನ್ನಿಸಿತು.

ಹೊಸದು ಕೊಳ್ಳಲು ಸೌಮ್ಯ ಒಬ್ಬಳೇ ಹೋದಳು. ಏನು ತಂದಳು ಅಂತ ತೋರಿಸಲೂ ಇಲ್ಲ. ಸೋಮವಾರ ಬೆಳಿಗ್ಗೆ ಮೀನಾಕ್ಷಮ್ಮ ನೇರಳೆ ಬಣ್ಣದ್ದನ್ನು ತಾನೇ ಹಾಕಿಕೊಂಡು ಬರುವ ಹೊತ್ತಿಗೆ, ಸೌಮ್ಯ ಹಳದಿ ಚೂಡಿದಾರದಲ್ಲಿ ನಿಂತು ತಿಂಡಿ ಡಬ್ಬಿ ಮುಚ್ಚುತ್ತಿದ್ದಳು. ಸಿದ್ದಪ್ಪ ತೋಟದಿಂದ ಬಂದವನು ಅಡುಗೆಮನೆ ಬಾಗಿಲಲ್ಲಿ ಇಬ್ಬರನ್ನೂ ನೋಡಿ, ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ, “ಕಾಫಿ ಐತಾ?” ಅಂದ.

ಎಂಟಕ್ಕೆ ಇನ್ನೂ ಕಾಲು ಗಂಟೆಯಿತ್ತು. ಬೆಳಗಿನ ಕೆಲಸ ಒಂದು ಕಡಿಮೆಯಾಗಿದ್ದಕ್ಕೆ ಸೌಮ್ಯಳಿಗೆ ಕೂರಲು ಹೊತ್ತು ಸಿಕ್ಕಿತ್ತು. ಅತ್ತೆಯ ಎದುರಿಗೆ ಮಣೆ ಎಳೆದುಕೊಂಡು ಕೂತಳು. ಇಬ್ಬರೂ ಕಾಫಿ ಕುಡಿದರು.