ಆಚೆ ಬದಿಯ ಗೆರೆ

ರೆಫರಿಯ ತೋರುಬೆರಳು ಮಧುಕೇಶ್ವರನ ಎದೆಯನ್ನು ಎರಡು ಸಲ ತಟ್ಟಿತು. ಜೆರ್ಸಿಯ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು.

"ಏನಿದು?"

"ಲಿಂಗ, ಸರ್. ಬೆಳ್ಳಿ ಕರಡಿಗೆ ಒಳಗದೆ."

"ತಗದಿಟ್ಟ ಬಾ. ಇಲ್ಲಂದ್ರ ಹೊರಗ ಕುಂದ್ರು. ಇನ್ನ ಹತ್ತ ಮಿನಿಟ ಐತಿ."

1959ರ ಜನವರಿಯ ಒಂದು ರವಿವಾರ. ಶಿರಸಿಯ ಮೈದಾನದಲ್ಲಿ ಫುಟ್‌ಬಾಲ್ ಟೂರ್ನಮೆಂಟಿನ ಕೊನೆಯ ಆಟ. ಹಗ್ಗದ ಸುತ್ತ ಜನ ಕಿಕ್ಕಿರಿದಿದ್ದರು. ಮಧುಕೇಶ್ವರ ಹುಬ್ಬಳ್ಳಿಯ ತಂಡವೊಂದಕ್ಕೆ ಲೆಫ್ಟ್ ಔಟ್ ಆಡುವವನು. ಎಡಬದಿಯ ಸುಣ್ಣದ ಗೆರೆ ಹಿಡಿದು ಓಡಿ, ಚೆಂಡನ್ನು ಗೋಲಿನ ಬಾಯಿಗೆ ಹೊಡೆದು ಕೊಡುವುದು ಅವನ ಕೆಲಸ. ಅತಿಥಿಗಳ ಬೆಂಚಿನಲ್ಲಿ ಮುಂಬಯಿಯ ಒಂದು ಮಿಲ್ಲಿನ ಮ್ಯಾನೇಜರು ಕೂತಿದ್ದರು. ಅವನ ಆಟ ಹಿಡಿಸಿದರೆ ಮಿಲ್ಲಿನ ತಂಡದಲ್ಲಿ ಜಾಗ, ಆಡುವುದಕ್ಕೇ ಸಂಬಳ. ಸಂಜೆಯ ಬಸ್ಸಿಗೆ ಅವರು ಹೊರಡುವವರು.

ಇದು ಮೂರನೆಯ ಸಲ. 1956ರಲ್ಲಿ ಮುಂಬಯಿಯ ಬೇರೊಂದು ತಂಡ ಕರೆದಿತ್ತು. ನವೆಂಬರಿನಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದೇ ತಡ, 'ನೀನೀಗ ಆ ಕಡೆಯವನು' ಎಂದು ಕಾಗದ ಬಂತು. ಮರುವರ್ಷ ಬೆಂಗಳೂರಿಗೆ ಹೋದರೆ ಅಲ್ಲಿಯವರು ಅವನ ಹಳೆಯ ಆಟಗಾರರ ಕಾರ್ಡನ್ನು ತಿರುಗಿಸಿ ನೋಡಿ 'ನೀನು ಮುಂಬಯಿಯವನಲ್ಲವೇ' ಎಂದರು. ಈಗ ಅವನಿಗೆ ಇಪ್ಪತ್ತನಾಲ್ಕು. ಗೆರೆ ಹಿಡಿದು ಓಡುವವನ ಕಾಲಿಗೆ ಆಯುಷ್ಯ ಕಡಿಮೆ ಎಂಬುದು ಅವನಿಗೆ ಗೊತ್ತಿತ್ತು. ರಾತ್ರಿ ಮಲಗಿದಾಗಲೂ ಅವನ ಕಾಲು ಹಾಸಿಗೆಯನ್ನು ಒದೆಯುತ್ತಿತ್ತು.

ರೆಫರಿಯದು ತಪ್ಪೆನ್ನಲು ಅವನಿಗೆ ಬಾಯಿರಲಿಲ್ಲ. ಎಂಟು ದಿನದ ಹಿಂದೆ ಸಿದ್ದಾಪುರದ ಆಟದಲ್ಲಿ, ತಲೆಯಿಂದ ಚೆಂಡು ಹೊಡೆಯಲು ಇಬ್ಬರೂ ಹಾರಿದಾಗ, ಇದೇ ಕರಡಿಗೆ ತ್ಯಾಗಲಿಯ ವಿಘ್ನೇಶ್ವರ ಹೆಗಡೆಯ ಹುಬ್ಬನ್ನು ಸೀಳಿತ್ತು. ನಾಲ್ಕು ಹೊಲಿಗೆ. ಮರುದಿನವೇ ಮಧುಕೇಶ್ವರ ಬಾಳೆಹಣ್ಣು ಹಿಡಿದುಕೊಂಡು ತ್ಯಾಗಲಿಗೆ ಹೋಗಿದ್ದ. "ಎಂತಕ್ಕೆ ಬಂದ್ಯೋ ಮಾರಾಯ, ಆನೇನು ಸತ್ತಿದ್ನಿಲ್ಲೆ" ಎಂದು ವಿಘ್ನೇಶ್ವರ ನಕ್ಕಿದ್ದ. "ಆದ್ರೆ ಮುಂದಿನ್ ಸಲ ಕಾಲಲ್ಲಿ ಆಡು. ದೇವರ ಹತ್ರ ಆಡಿಸಡ." ಆ ಆಟಕ್ಕೂ ಇವರೇ ರೆಫರಿ, ಧಾರವಾಡದ ಕಡೆಯ ಡ್ರಿಲ್ ಮಾಸ್ತರರು. ಅವರ ಬಿಳಿ ಅಂಗಿಯ ತೋಳಿಗೆ ಅಂದು ಆ ರಕ್ತ ತಾಗಿತ್ತು.

"ಬಟ್ಟಿಯೊಳಗ ಸುತ್ತಿ ಕಟಗೊಂಡ್ರ?" ಎಂದು ಮಧುಕೇಶ್ವರ ಕೇಳಿದ.

"ಬಟ್ಟಿ ಸುತ್ತಿದ್ರ ಕಲ್ಲು ಬೆಣ್ಣಿ ಆಗತದೇನು? ಗಟ್ಟಿ ಸಾಮಾನು ಯಾವುದೂ ನಡ್ಯೂದಿಲ್ಲ."

ಅವನು ಹಗ್ಗ ದಾಟಿ ಹೊರಗೆ ಬಂದ. ಹಲಸಿನ ಮರದ ಕೆಳಗೆ ಅವನವರು ಎರಡು ಕಡೆ ಕೂತಿದ್ದರು. ಈ ಬದಿಗೆ ಬನವಾಸಿಯಿಂದ ಬಂದ ಅಜ್ಜಿ ನೀಲಗಂಗವ್ವ, ಪಕ್ಕದಲ್ಲಿ ಕಾಕಾ ಅಂದಾನಪ್ಪ. ಆ ಬದಿಗೆ, ಮೂರು ಮಾರು ದೂರದಲ್ಲಿ, ಯಲ್ಲಾಪುರದಿಂದ ಬಂದ ತಾಯಿ ನತಾಲಿನ್.

ಅವನ ತಂದೆ ಶಿವಲಿಂಗಪ್ಪ ಬನವಾಸಿಯ ಅಂಗಡಿ ಮನೆತನದವನು. ಯಲ್ಲಾಪುರದಲ್ಲಿ ಕಟ್ಟಿಗೆ ಲಾರಿ ನಡೆಸುತ್ತ, ಅಲ್ಲಿಯ ಕ್ರಿಸ್ತಾನರ ಬಡಗಿಯ ಮಗಳು ನತಾಲಿನಳನ್ನು ಮದುವೆಯಾಗಿದ್ದ. ಮಗನಿಗೆ ಏಳು ವರ್ಷವಾದಾಗ ಘಟ್ಟದಲ್ಲಿ ಲಾರಿ ಮಗುಚಿ ಅವನು ಹೋದ. ಮರುವರ್ಷ ನೀಲಗಂಗವ್ವ ಬಂದು, ಅಂಗಳದಲ್ಲೇ ನಿಂತು, ಮೊಮ್ಮಗನನ್ನು ಕರೆದೊಯ್ದಳು. 'ಕ್ರಿಸ್ತಾನಿಯ ಮಗನಿಗೆ ಎಂಥ ದೀಕ್ಷೆ' ಎಂದ ನೆಂಟರ ಬಾಯನ್ನು ಒಬ್ಬಳೇ ಮುಚ್ಚಿಸಿ, ಅವನಿಗೆ ಲಿಂಗ ಕಟ್ಟಿಸಿ, ಮೂರನೆಯ ದಿನ ತಾನೇ ತಾಯಿಯ ಹತ್ತಿರ ತಂದು ಬಿಟ್ಟಳು. "ಇದು ಮೈ ಬಿಟ್ಟು ಹೋದ್ರ ಊರ ಮುಂದ ಉತ್ತರ ಹೇಳಾಕಿ ನಾನು, ನೆನಪಿರಲಿ" ಎಂದಿದ್ದಳು. ಹದಿನಾರು ವರ್ಷ ಅದು ಅವನ ಮೈ ಬಿಟ್ಟಿರಲಿಲ್ಲ.

ಆ ಹದಿನಾರು ವರ್ಷ ಅಜ್ಜಿಯೂ ತಾಯಿಯೂ ಒಂದು ಮಾತು ನೇರವಾಗಿ ಆಡಿರಲಿಲ್ಲ. ಎದುರುಬದುರು ನಿಂತಾಗಲೂ "ನಿಮ್ಮವ್ವಗ ಹೇಳು" ಎಂದು ಈಕೆ, "ನಿನ್ನ ಅಜ್ಜಿಗೆ ಹೇಳು" ಎಂದು ಆಕೆ. ಮಾತು ಹೊತ್ತು ಅತ್ತಿಂದಿತ್ತ ಓಡುವವನು ಇವನು. ಎರಡು ಮಾತಿನ ನಡುವೆ ಒಂದು ಅಕ್ಷರ ಹೆಚ್ಚುಕಡಿಮೆ ಆಗಬಾರದೆಂದು ಚಿಕ್ಕಂದಿನಿಂದ ಹೆದರಿ ಹೆದರಿ ಅವನಿಗೆ ಒಂದು ಕಡೆ ನಿಲ್ಲುವ ಅಭ್ಯಾಸವೇ ತಪ್ಪಿಹೋಗಿತ್ತು.

ರೆಫರಿ ಹೇಳಿದ್ದನ್ನು ಹೇಳಿದ. ಅಂದಾನಪ್ಪ ಮೊದಲು ಬಾಯಿ ಬಿಟ್ಟ.

"ಹಂಗಾರ ಆಡಬ್ಯಾಡ. ಚೆಂಡಿಲ್ದ ಯಾರೂ ಸತ್ತಿಲ್ಲ."

"ಕಾಕಾ, ನೀವು ಒಂದ್ ತಾಸು ಕೊರಳಾಗ ಇಟಗೊಳ್ರಿ."

"ಒಂದು ಎದಿಮ್ಯಾಲೆ ಎರಡು ಲಿಂಗ ಇರಬಾರದು. ನಿನಗ ಹೇಳಿಕೊಟ್ಟಿಲ್ಲೇನು?"

ಹೇಳಿಕೊಟ್ಟಿದ್ದರು, ಮನೆತನದಲ್ಲಿ ಅದು ಕಟ್ಟುನಿಟ್ಟು. ಹಾಗಾಗಿ ಅಜ್ಜಿಗೂ ಕೊಡುವಂತಿಲ್ಲ, ಅವಳ ಕೊರಳಲ್ಲಿ ಅವಳದು ಇತ್ತು. ನೆಲಕ್ಕೆ ಇಡುವಂತಿಲ್ಲ, ಗೂಟಕ್ಕೆ ಸಿಕ್ಕಿಸುವಂತಿಲ್ಲ. ಯಾರದಾದರೂ ಮೈಮೇಲೇ ಇರಬೇಕು, ಆದರೆ ಅದು ಬೇರೆ ಲಿಂಗವಿಲ್ಲದ ಮೈ ಆಗಬೇಕು. ಮೈದಾನದಲ್ಲಿ ಆಟಗಾರರು ಸಾಲು ನಿಲ್ಲತೊಡಗಿದ್ದರು. ಮಧುಕೇಶ್ವರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ.

"ಪುತಾ," ನತಾಲಿನ್ ಎದ್ದು ಬಂದಳು. "ನನ್ನ ಎದೆ ಖಾಲಿ ಉಂಟಲ್ಲ. ನಂಗೆ ಕೊಡು."

ಅವಳ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಶಿಲುಬೆಯೊಂದೇ ಇತ್ತು.

ಅಂದಾನಪ್ಪ ಧೋತರ ಕೊಡವಿ ಎದ್ದ. "ಕ್ರಿಸ್ತಾನರ ಕೊರಳಾಗ? ನಾ ಬನವಾಸಿಯೊಳಗ ಮಾರಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ?"

"ನಿನ್ನ ಕಾಕಾಗೆ ಹೇಳು," ಎಂದಳು ನತಾಲಿನ್ ಮಗನಿಗೆ, ಸಮಾಧಾನದಿಂದ. "ನಿನ್ನ ಮೈ ಬಿಟ್ಟು ಹೋಗಬಾರದು, ಅಷ್ಟೇ ಅಲ್ವಾ? ನಿನ್ನ ಮೈ ಎಲ್ಲಿಂದ ಬಂದದ್ದು ಅಂತ ಒಂದ್ಸಲ ಕೇಳು."

ಮಧುಕೇಶ್ವರ ಅದನ್ನು ಕಾಕಾನಿಗೆ ದಾಟಿಸಲಿಲ್ಲ. ಅವನು ನೋಡಿದ್ದು ಅಜ್ಜಿಯನ್ನು. ಬೇಡವೆಂದರೆ ಅವನು ಆಡುವುದಿಲ್ಲ. ಅದನ್ನು ಅವನು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದ. ನೀಲಗಂಗವ್ವ ಪಕ್ಕದಲ್ಲಿದ್ದ ನೀರಿನ ತಂಬಿಗೆಯನ್ನು ಮುಂದಕ್ಕೆ ಸರಿಸಿದಳು.

"ನಿಮ್ಮವ್ವಗ ಹೇಳು, ಕೈ ತೊಳಕೊಳ್ಳಾಕ."

ಅಂದಾನಪ್ಪ ಯಾರನ್ನೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಮೊದಲರ್ಧದಲ್ಲಿ ಹುಬ್ಬಳ್ಳಿಯವರ ಎಡಬದಿ ಹಲಸಿನ ಮರದ ಕಡೆಗೇ ಬಂತು. ಎದೆ ಹಗುರಾಗಿತ್ತು, ಅದೇ ತೊಂದರೆ. ಓಡುವಾಗ ಪ್ರತಿ ಹೆಜ್ಜೆಗೂ ಎದೆಗೆ ತಟ್ಟುತ್ತಿದ್ದ ತೂಕ ಇಲ್ಲವಾಗಿ, ಎಷ್ಟು ವೇಗದಲ್ಲಿ ಓಡುತ್ತಿದ್ದೇನೆ ಎಂಬ ಅಂದಾಜೇ ಸಿಗಲಿಲ್ಲ. ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಗೆರೆಯ ಆಚೆ, ಹತ್ತು ಹೆಜ್ಜೆಯಲ್ಲಿ, ತಾಯಿ ಕೊರಳಿಗೆ ಹಾಕಿಕೊಂಡ ಕರಡಿಗೆಯನ್ನು ಸೆರಗಿನೊಳಗೆ ಎರಡೂ ಕೈಯಲ್ಲಿ ಹಿಡಿದು ಕೂತಿರುವುದನ್ನು ಕಂಡಾಗ ಮಾತ್ರ ಉಸಿರು ಸಲೀಸಾಗುತ್ತಿತ್ತು. ಕಂಡವರು ಹೇಳಿ, ಕಾಣದವರು ಕೇಳಿ, ಸುದ್ದಿ ಹಗ್ಗದ ಸುತ್ತ ಚೆಂಡಿಗಿಂತ ಮೊದಲು ಓಡಿತ್ತು.

"ಏ ಪಾದ್ರಿ ಅಯ್ಯ," ಯಾರೋ ಕೂಗಿದರು, "ಶಿಲುಬಿಗೆ ಕೈ ಮುಗೀತಿಯೋ, ವಿಭೂತಿ ಹಚ್ಚತಿಯೋ?"

"ಮೊದ್ಲು ಚೆಂಡು ಮುಟ್ಟಲಿ ಬಿಡ್ರಿ" ಎಂದ ಇನ್ನೊಬ್ಬ.

ಎರಡು ಸಲ ಗೆರೆ ಹಿಡಿದು ನುಗ್ಗಿದ. ಎರಡು ಸಲವೂ ಕೊಟ್ಟ ಚೆಂಡು ಗೋಲಿನ ಹಿಂದೆ ಬಿತ್ತು. ಶಿರಸಿಯವರು ಒಂದು ಗೋಲು ಹೊಡೆದರು.

ಹಾಫ್ ಟೈಮ್ ಮುಗಿದು ತಂಡಗಳು ಬದಿ ಬದಲಿಸಿದಾಗ ಅವನಿಗೆ ಅದು ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು, ಸಾವಿರ ಸಲ ಬದಿ ಬದಲಿಸಿದವನು. ಅವನ ಎಡಬದಿ ಈಗ ಮೈದಾನದ ಆಚೆಗೆ. ಹಲಸಿನ ಮರ ಎಪ್ಪತ್ತು ಗಜ ದೂರ. ಅಲ್ಲಿ ಯಾರು ಕೂತಿದ್ದಾರೆ, ಯಾರು ಎದ್ದಿದ್ದಾರೆ ಎಂಬುದೂ ಬಿಸಿಲಿನಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಮೈ ಬಿಟ್ಟು ಹೋಗಬಾರದು ಎಂದಿದ್ದಳು ಅಜ್ಜಿ. ಹತ್ತು ಹೆಜ್ಜೆ ಇದ್ದಾಗ ಹೇಗೋ ಸಮಾಧಾನ ಹೇಳಿಕೊಂಡಿದ್ದ. ಎಪ್ಪತ್ತು ಗಜಕ್ಕೆ ಏನು ಹೇಳಿಕೊಳ್ಳುವುದು? ಕಾಕಾ ಹೇಳಿದ್ದೇ ಸರಿಯಿತ್ತೇನೋ. ತನ್ನ ಹೊಟ್ಟೆಪಾಡಿನ ಆಸೆಗೆ ಇಬ್ಬರು ಹೆಂಗಸರನ್ನು ಜನರ ಬಾಯಿಗೆ ಹಾಕಿದೆನೇನೋ.

ಚೆಂಡು ಬಂತು, ಕಾಲ ಕೆಳಗೆ ನುಸುಳಿ ಹೋಯಿತು. ಇನ್ನೊಮ್ಮೆ ಬಂತು, ಎದುರಿನ ತಂಡದ ಬ್ಯಾಕ್ ಸಲೀಸಾಗಿ ಕಸಿದುಕೊಂಡು ಹೋದ. ಬೆಂಚಿನಲ್ಲಿ ಮುಂಬಯಿಯ ಮ್ಯಾನೇಜರು ಗಡಿಯಾರ ನೋಡಿದರು.

ಆಗ ಗೋಲಿನ ಹಿಂದೆ ಜನರ ಸಾಲು ಅಲುಗಿತು. ಯಾರನ್ನೋ ದಾರಿ ಬಿಡಿಸುತ್ತ ಒಂದು ಕೋಲು ಮುಂದೆ ಬಂತು, ಕೋಲಿನ ಹಿಂದೆ ನೀಲಗಂಗವ್ವ, ಅವಳ ಹಿಂದೆ ನತಾಲಿನ್. "ಸರೀರೆಪಾ, ನಮ್ಮ ಹುಡುಗ ಈ ಕಡಿ ಬಂದಾನ" ಎನ್ನುತ್ತ ಮುದುಕಿ ಮೈದಾನದ ಅರ್ಧ ಸುತ್ತು ಹಾಕಿ, ಅವನ ಗೆರೆಯ ಆಚೆಗೆ ಬಂದು, ಏದುಸಿರು ಬಿಡುತ್ತ ನಿಂತಳು. ಆ ಬದಿಯಲ್ಲಿ ಮರವಿರಲಿಲ್ಲ.

"ಇಲ್ಲಿ ನೆಳ್ಳಿಲ್ಲ. ತಲಿಮ್ಯಾಲೆ ಸೆರಗ ಹೊದಕೋ" ಎಂದಳು ನೀಲಗಂಗವ್ವ.

ಮಧುಕೇಶ್ವರ ಅಭ್ಯಾಸಬಲದಿಂದ ಆಟ ಬಿಟ್ಟು ತಾಯಿಯ ಕಡೆ ತಿರುಗಿದ. "ಮಾಂಯ್, ಅಜ್ಜಿ ಹೇಳ್ತಾಳೆ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ನತಾಲಿನ್ ಸೆರಗು ಹೊದ್ದಾಗಿತ್ತು.

"ನೀವೂ ಹೊದ್ಕೊಳ್ಳಿ ಅತ್ತೆ" ಎಂದಳು.

ಅವನ ಹಿಂದಿನಿಂದ ಚೆಂಡು ಗೆರೆ ದಾಟಿ ಹೋಯಿತು. ಜನ ಹೋ ಎಂದರು.

"ಇಲ್ಲೇನ ನೋಡ್ತಿ?" ಅಜ್ಜಿ ಕೋಲು ಎತ್ತಿದಳು. "ನಿನಗ ಯಾರೂ ಏನೂ ಹೇಳಿಲ್ಲ. ಓಡು."

ಓಡಿದ. ಹೊತ್ತುಕೊಂಡು ಹೋಗಲು ಮಾತಿರಲಿಲ್ಲ, ಮುಟ್ಟಿ ನೋಡಲು ತೂಕವಿರಲಿಲ್ಲ, ಸುಣ್ಣದ ಗೆರೆಯೊಂದಿತ್ತು. ಚೆಂಡು ಸಿಕ್ಕಿದ್ದೇ ಬ್ಯಾಕಿನ ಎಡಕ್ಕೆ ವಾಲಿ, ಅವನು ಆ ಕಡೆ ಕಾಲು ಹಾಕಿದಾಗ ಬಲಕ್ಕೆ ನುಸುಳಿ, ಮತ್ತೆ ಗೆರೆಗೆ ಬಂದು, ಮೂಲೆಯ ಬಾವುಟದ ಹತ್ತಿರದಿಂದ ಎಡಗಾಲಿನಲ್ಲಿ ಎತ್ತಿ ಹೊಡೆದ. ಈ ಸಲ ಚೆಂಡು ಗೋಲಿನ ಹಿಂದೆ ಬೀಳಲಿಲ್ಲ. ಸೆಂಟರ್ ಫಾರ್ವರ್ಡ್ ಕೆರಿಯನ ಹಣೆಗೆ ಸರಿಯಾಗಿ ಬಂತು. ಒಂದಕ್ಕೊಂದು. ಆಮೇಲೆ ಇನ್ನೂ ಐದಾರು ಸಲ ಅದೇ ದಾರಿಯಲ್ಲಿ ಹೋದ. ಒಮ್ಮೆ ಗೋಲಿನ ಕಂಬಕ್ಕೆ ಬಡಿಯಿತು. ಆಟ ಸಮವಾಗಿಯೇ ಮುಗಿಯಿತು, ಕಪ್ಪನ್ನು ಆರಾರು ತಿಂಗಳು ಇಟ್ಟುಕೊಳ್ಳಿ ಎಂದು ಎರಡೂ ಊರಿಗೆ ಹಂಚಿದರು.

ಶಿಳ್ಳೆಯಾದದ್ದೇ ಅವನು ಗೆರೆಯ ಕಡೆ ಬಂದ. ಅಜ್ಜಿ ಅವನ ಕೈಗೆ ನೀರು ಹಾಕಿದಳು. ನತಾಲಿನ್ ಕರಡಿಗೆ ಬಿಚ್ಚಲು ಹೋದಾಗ ದಾರ ಬರಲಿಲ್ಲ. ಅಷ್ಟು ಹೊತ್ತು ಬಿಗಿಯಾಗಿ ಹಿಡಿದು, ಬೆವರು ಕುಡಿದು, ಲಿಂಗದ ದಾರವೂ ಶಿಲುಬೆಯ ದಾರವೂ ಒಂದಕ್ಕೊಂದು ಹೆಣೆದು ಸಿಕ್ಕಾಗಿದ್ದವು.

"ಕತ್ತರಿಸ್ಲಾ ಅತ್ತೆ? ನನ್ನ ದಾರ ಹಳತು."

"ಯಾವ್ದೂ ಕತ್ತರಸೂದು ಬ್ಯಾಡ. ಅಲುಗ್ಯಾಡದ ನಿಂದ್ರು." ನೀಲಗಂಗವ್ವ ಸೊಸೆಯ ಕೊರಳ ಹತ್ತಿರ ಕಣ್ಣು ತಂದು, ಉಗುರಿನಿಂದ ಗಂಟು ಬಿಡಿಸತೊಡಗಿದಳು.

ಮ್ಯಾನೇಜರು ಕಾಗದವನ್ನು ಕೈಯಲ್ಲೇ ಹಿಡಿದು ಬಂದರು. ಗೋವೆಯ ಕಡೆಯವರು, ಕೊಂಕಣಿ ಬೆರೆಸಿ ಮಾತಾಡುವವರು. "ಚಂದ ಆಡಿದಿ. ಮೊದಲರ್ಧ ಮಾತ್ರ ಯಾಕೆ ಗೆರೆ ಆಚೆ ನೋಡ್ತಾ ಇದ್ದಿ, ಗೊತ್ತಾಗ್ಲಿಲ್ಲ. ಇರಲಿ. ಇಲ್ಲಿ ಸಹಿ ಮಾಡು. ನನ್ನ ಬಸ್ಸಿಗೆ ಕಾಲು ತಾಸು ಉಂಟು."

ಮಧುಕೇಶ್ವರ ಪೆನ್ನನ್ನೂ ನೋಡಿದ, ಗಂಟನ್ನೂ ನೋಡಿದ. ಬನವಾಸಿಯಲ್ಲಿ ಕಾಕಾ ಈ ಹೊತ್ತಿಗೆ ಏನು ಹೇಳುತ್ತಿರಬಹುದೋ. ಅಜ್ಜಿ ನಾಳೆ ಅಲ್ಲಿಗೇ ಹಿಂತಿರುಗಬೇಕು.

"ಅಜ್ಜಿ, ಅವರ ಬಸ್ಸು..."

"ಎದಿಮ್ಯಾಲೆ ಏನಿಲ್ಲದ ಸಹಿ ಮಾಡ್ತಿಯೇನು? ಐದು ಮಿನಿಟ ನಿಂದ್ರಾಕ ಹೇಳು ಅವರಿಗೆ. ಮುಂಬಯಿ ಎಲ್ಲೂ ಓಡಿಹೋಗೂದಿಲ್ಲ."

ಅವನು ಮ್ಯಾನೇಜರ ಕಡೆ ತಿರುಗಿ, ಒಂದು ಅಕ್ಷರವೂ ಹೆಚ್ಚುಕಡಿಮೆಯಾಗದಂತೆ, ಅದನ್ನೇ ಹೇಳಿದ.